ಪೂಜೆ ನಿಂತ ಗುಡಿಗೆ ಸೂತಕ ಉಂಟೋ?

ಶ್ರೀಕಾರ್ಯಂ, ತಿರುವನಂತಪುರ
4 ನವೆಂಬರ್ 2024

ಕೌಸಲ್ಯಾ,

ನಿನ್ನ ಕ್ಷೇಮ ಕೇಳುವುದಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿದ್ದಕ್ಕೆ ‘ಕುಕ್ಕರ್ ಕೂಗ್ತಾ ಉಂಟು, ಮತ್ತೆ ಮಾಡ್ತೇನೆ’ ಎಂದು ಇಟ್ಟವಳು ನೀನು. ಮೂರು ದಿನವಾಯಿತು. ಯಾವ ಅಕ್ಕಿ ಮಾರಾಯ್ತಿ ಅದು, ಇನ್ನೂ ಬೆಂದಿಲ್ಲ? ಇನ್ನು ನಿನ್ನ ಹತ್ತಿರ ಮುಖ್ಯವಾದ ಮಾತೆಲ್ಲ ಕಾಗದದಲ್ಲೇ.

ಹೇಗೂ ನಾವು ಬರೆಯದೆ ಬೇರೆ ಯಾರು ಬರೆಯಬೇಕು? ಇಪ್ಪತ್ತೆಂಟು ವರ್ಷ ಸೆಕ್ರೆಟೇರಿಯೇಟಿನಲ್ಲಿ ನೀನು ಕಾನೂನುಗಳನ್ನು ಕನ್ನಡಕ್ಕೆ ಇಳಿಸಿದೆ, ನಾನು ಎದುರಿನ ಮೇಜಿನಲ್ಲಿ ಕೂತು ಅದನ್ನು ತಿದ್ದಿದೆ. ಕಾಸರಗೋಡಿನ ಕನ್ನಡಿಗರಿಗೆಂದು ಮಾಡಿದ ಆ ಕೆಲಸವನ್ನು ನಾವಿಬ್ಬರಲ್ಲದೆ ಮೂರನೆಯವರು ಓದಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಈಗಲೂ ನನ್ನ ಕನ್ನಡ ಓದುವವಳು ನೀನೊಬ್ಬಳೇ.

ವಿಷಯಕ್ಕೆ ಬರುತ್ತೇನೆ. ಕೊಚ್ಚಿಯ ಸಂದೀಪ್ ಎಂಬವನು ಜನವರಿ ಹದಿನೇಳಕ್ಕೆ ವಿಯೆಟ್ನಾಮಿಗೆ ಮೂವತ್ತೆರಡು ಜನರನ್ನು ಕರೆದುಕೊಂಡು ಹೋಗುತ್ತಾನೆ. ಎಂಟು ದಿನ. ಹುಯೆ ಎಂಬ ಊರು ಉಂಟು, ಅಲ್ಲಿಯ ಸಾಮ್ರಾಟರ ರಾಜಧಾನಿ. ಮತ್ತೆ ಮೀಸನ್. ಕೇಳಿದಿಯಾ? ಮೀಸನ್. ಯಾವುದೋ ವಾರಪತ್ರಿಕೆಯಿಂದ ಕತ್ತರಿಸಿ ನಿನ್ನ ಮೇಜಿನ ಗಾಜಿನ ಅಡಿಯಲ್ಲಿ ಇಟ್ಟುಕೊಂಡಿದ್ದೆಯಲ್ಲ, ಕಾಡಿನ ನಡುವೆ ಇಟ್ಟಿಗೆಯ ಶಿವನ ಗುಡಿಗಳು, ಅದೇ. ಚಂಪಾ ರಾಜರು ಕಟ್ಟಿ, ಪೂಜೆ ನಿಂತು ಶತಮಾನಗಳಾಗಿ ಈಗ ಪಾಳು ಬಿದ್ದದ್ದು. ‘ರಿಟೈರಾದ ಮೇಲೆ ಹೋಗುದು’ ಎಂದು ನೀನು ಹೇಳುತ್ತಿದ್ದದ್ದು ಸುಳ್ಳೋ ನಿಜವೋ ಈಗ ಗೊತ್ತಾಗುತ್ತದೆ. ನಿನ್ನ ಹೆಸರೂ ಕೊಟ್ಟಾಗಿದೆ. ಬೇಡವೆಂದರೆ ನೀನೇ ಅವನಿಗೆ ಫೋನ್ ಮಾಡಿ ಹೇಳಬೇಕು, ಫೋನೆಂದರೆ ನಿನಗೆ ಆಗುವುದಿಲ್ಲ, ಹಾಗಾಗಿ ನೀನು ಬಂದ ಹಾಗೆಯೇ.

ಇನ್ನೊಂದು. ವೆಂಕಪ್ಪಣ್ಣ ನನಗೆ ಫೋನ್ ಮಾಡಿದ್ದರು. ನಿನ್ನ ಅಣ್ಣ ನಿನ್ನನ್ನು ಬಿಟ್ಟು ನನಗೆ ಯಾಕೆ ಮಾಡಬೇಕು ಎಂದು ನೀನು ಕೇಳುವುದಿಲ್ಲ, ಏಕೆಂದರೆ ನಿನಗೆ ಗೊತ್ತು. ಸ್ವರ ಸಣ್ಣದಾಗಿದೆ. ‘ತಂಗಿ ಹೇಗಿದ್ದಾಳೆ?’ ಎಂದಷ್ಟೇ ಕೇಳಿ ಫೋನ್ ಇಟ್ಟರು. ಒಮ್ಮೆ ಊರಿಗೆ, ಬದಿಯಡ್ಕಕ್ಕೆ, ಹೋಗಿ ಬಾ.

ಸುಮಿತ್ರ


ತ್ರಿಪ್ಪುಣಿತ್ತುರ
16 ನವೆಂಬರ್ 2024

ಸುಮಿತ್ರಾ,

ಅನ್ನ ಬೆಂದಿದೆ. ಕಾಗದವೂ ಸಿಕ್ಕಿದೆ.

ನನ್ನನ್ನು ಕೇಳದೆ ನನ್ನ ಹೆಸರು ಕೊಡುವುದು ನಿನಗೆ ಹೊಸತಲ್ಲ. ಆಫೀಸಿನ ಓಣಂ ತಿರುವಾದಿರ ಕುಣಿತಕ್ಕೂ ಹಾಗೆಯೇ ಕೊಟ್ಟಿದ್ದೆ. ಆದರೂ ಬರುತ್ತೇನೆ. ಮಗಳು ಅಶ್ವಿತಾ ನಿನ್ನ ಪಕ್ಷ. ಕಾಕ್ಕನಾಡಿನ ಆಫೀಸಿನಿಂದ ಬಂದವಳೇ ಬೂಟು ಕೂಡ ಬಿಚ್ಚದೆ ‘ಅಮ್ಮ ಪೋಣಂ, ಅಮ್ಮ ಪೋಯೇ ಪಟ್ಟೂ’ ಎಂದು ಮಲಯಾಳದಲ್ಲಿ ಶುರು ಮಾಡಿದಳು. ಹೋಗಲೇಬೇಕಂತೆ. ನಾನು ಕನ್ನಡದಲ್ಲಿ ಬೈದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ, ಜಗಳ ಅರ್ಧಕ್ಕರ್ಧ ವ್ಯರ್ಥವಾಗುತ್ತದೆ.

ನನ್ನ ಷರತ್ತುಗಳು ಮೂರು. ಬೆಳಿಗ್ಗೆ ಐದಕ್ಕೆ ನನ್ನನ್ನು ಎಬ್ಬಿಸಬೇಡ. ಫೋಟೋ ತೆಗೆಯುವಾಗ ‘ಸ್ವಲ್ಪ ನಗಾಡು’ ಎನ್ನಬೇಡ. ಮೂರನೆಯದು, ಅಣ್ಣನ ವಿಷಯ ಎತ್ತಬೇಡ.

ನಿನಗೆ ಗೊತ್ತಿರುವುದನ್ನೇ ನನ್ನಿಂದ ಮತ್ತೆ ಬರೆಸುತ್ತೀ. ಅಮ್ಮ ತೀರಿಕೊಂಡದ್ದು ಒಂದು ಗುರುವಾರ. ಅಣ್ಣ ನನಗೆ ಹೇಳಿದ್ದು ಭಾನುವಾರ. ಆಗ ಬೂದಿ ಕೂಡ ತಣ್ಣಗಾಗಿತ್ತು. ಕೇಳಿದರೆ, ಅಶ್ವಿತಾಳಿಗೆ ಪರೀಕ್ಷೆ ನಡೀತಿತ್ತಲ್ಲ, ನೀನು ಅಷ್ಟು ದೂರದಿಂದ ಓಡಿ ಬಂದು ತಲೆಬಿಸಿ ಮಾಡಿಕೊಳ್ಳುವುದು ಬೇಡ ಅಂತ. ನನ್ನ ಅಮ್ಮನಿಗೆ ನಾನು ಅಳುವುದು ಯಾವಾಗ ಎಂದು ತೀರ್ಮಾನಿಸಲು ಅವನು ಯಾರು? ಮೂರು ದಿನ ನಾನು ಆಫೀಸಿಗೆ ಹೋಗಿ, ನಿನ್ನ ಎದುರು ಕೂತು, ಡಬ್ಬಿ ಬಿಚ್ಚಿ ನಗಾಡಿಕೊಂಡು ಊಟ ಮಾಡಿದ್ದೇನೆ. ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಆರು ವರ್ಷವಾಗುತ್ತ ಬಂತು, ಕಡಿಮೆಯಾಗಿಲ್ಲ.

ಉಪ್ಪಿನಕಾಯಿ ನಾನು ತರುತ್ತೇನೆ. ನೀನು ಹಾಕಿದ್ದು ಬೇಡ.

ಕೌಸಲ್ಯಾ


ಶ್ರೀಕಾರ್ಯಂ
9 ಡಿಸೆಂಬರ್ 2024

ಕೌಸಲ್ಯಾ,

ಹೋಗುವವರ ಸಭೆ ನಿನ್ನೆ ಎರ್ನಾಕುಳಂನಲ್ಲಿ ಇತ್ತು ಎಂಬುದು ನಿನಗೆ ನೆನಪಿದೆಯೇ? ನಿನ್ನ ಮನೆಯಿಂದ ಮೆಟ್ರೋದಲ್ಲಿ ಇಪ್ಪತ್ತೈದು ನಿಮಿಷ. ನಾನು ತಂಪಾನೂರಿನಿಂದ ಬೆಳಗಿನ ಐದೂಕಾಲರ ವೇಣಾಡ್ ರೈಲು ಹಿಡಿದು, ನಾಲ್ಕೂವರೆ ಗಂಟೆ ಕಿಟಕಿಯ ಕಂಬಿಗೆ ಭುಜ ಒತ್ತಿಕೊಂಡು ಬಂದೆ. ಇಪ್ಪತ್ತೈದು ನಿಮಿಷದವಳು ಬರಲಿಲ್ಲ. ತಲೆನೋವಂತೆ. ನನಗೆ ಈಗ ಬಂದಿದೆ.

ನೀನು ಬಾರದೆ ಕಳೆದುಕೊಂಡದ್ದು ಇಷ್ಟು. ಒಬ್ಬರು ನಿವೃತ್ತ ಹೆಡ್‌ಮಾಸ್ಟರ್ ಎದ್ದು, ಅಲ್ಲಿ ನಮ್ಮ ಕೆಂಪು ಮಟ್ಟ ಅಕ್ಕಿಯ ಅನ್ನ ಸಿಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದ ಸಂದೀಪ್. ಹಾಗಾದರೆ ಐದು ಕಿಲೋ ತರಬಹುದೇ ಎಂದರು. ಅರ್ಧ ಗಂಟೆ ಅಕ್ಕಿಯ ಚರ್ಚೆ. ಮತ್ತೆ ಅರ್ಧ ಗಂಟೆ ಚಾಯದ ಚರ್ಚೆ. ಸಾಮ್ರಾಟರ ಅರಮನೆಯ ಬಗ್ಗೆ ಒಂದೇ ಪ್ರಶ್ನೆ ಬಂತು, ಅಲ್ಲಿ ಶೌಚಾಲಯ ಇದೆಯೇ ಅಂತ. ನಾನು ಮೀಸನ್‌ನಲ್ಲಿ ಎಷ್ಟು ಹೊತ್ತು ಕೊಡುತ್ತೀರಿ ಎಂದು ಕೇಳಿದೆ. ‘ಚೇಚೀ, ಅದು ಬರೀ ಒಡೆದ ಇಟ್ಟಿಗೆ. ಮುಕ್ಕಾಲು ಗಂಟೆ ಧಾರಾಳ’ ಎಂದ. ನಾನು ಅಲ್ಲೇ ಜಗಳ ಮಾಡಿ ಎರಡೂವರೆ ಗಂಟೆ ಬರೆಸಿಕೊಂಡೆ. ಹೆಡ್‌ಮಾಸ್ಟರ್ ನನ್ನನ್ನು ದುರುಗುಟ್ಟಿ ನೋಡಿದರು. ನಿನಗಾಗಿ ನಾನು ಈಗಾಗಲೇ ಒಬ್ಬ ಶತ್ರುವನ್ನು ಸಂಪಾದಿಸಿದ್ದೇನೆ.

ನಿನ್ನ ಮೂರನೆಯ ಷರತ್ತನ್ನು ಮುರಿಯುತ್ತಿದ್ದೇನೆ. ವೆಂಕಪ್ಪಣ್ಣ ಮತ್ತೆ ಫೋನ್ ಮಾಡಿದರು. ಈ ಬಾರಿ ಅತ್ತಿಗೆ ವಾಸಂತಿಯೂ ಮಾತಾಡಿದರು. ಎದೆಯದ್ದೇ ತೊಂದರೆ, ಮಂಗಳೂರಿಗೆ ಹೋಗಿ ಬಂದರಂತೆ. ಹೊರಡುವ ಮೊದಲು ಒಂದು ಫೋನಾದರೂ ಮಾಡು. ಐದು ನಿಮಿಷ. ಕುಕ್ಕರ್ ಇಟ್ಟುಕೊಂಡೇ ಮಾಡು.

ಸುಮಿತ್ರ


ತ್ರಿಪ್ಪುಣಿತ್ತುರ
21 ಡಿಸೆಂಬರ್ 2024

ಸುಮಿತ್ರಾ,

ಎರಡೂವರೆ ಗಂಟೆ ಬರೆಸಿಕೊಂಡದ್ದಕ್ಕೆ ನಿನ್ನ ಎಲ್ಲ ತಪ್ಪುಗಳಲ್ಲಿ ಒಂದನ್ನು ಮನ್ನಿಸಿದ್ದೇನೆ. ಯಾವುದೆಂದು ಹೇಳುವುದಿಲ್ಲ.

ಅಣ್ಣನ ವಿಷಯ ಬಂದ ಮೇಲೆ ನೋಡುವ. ಅವನು ನನ್ನನ್ನು ಮೂರು ದಿನ ಕಾಯಿಸಿದ. ನಾನು ಇನ್ನೊಂದು ತಿಂಗಳು ಕಾಯಿಸಿದರೆ ಆಕಾಶ ಬೀಳುವುದಿಲ್ಲ.

ಸೂಟ್‌ಕೇಸಿಗೆ ಕೆಂಪು ರಿಬ್ಬನ್ ಕಟ್ಟು. ನಿನ್ನದು ಎಲ್ಲರದರ ಹಾಗೆಯೇ ಕಪ್ಪು.

ಕೌಸಲ್ಯಾ


ಶ್ರೀಕಾರ್ಯಂ
8 ಫೆಬ್ರವರಿ 2025

ಕೌಸಲ್ಯಾ,

ಫೋನ್ ತೆಗೆಯುವುದಿಲ್ಲ, ಸರಿ. ವಾಟ್ಸಾಪಿನಲ್ಲಿ ನನ್ನನ್ನು ತಡೆದಿದ್ದೀ, ಅದೂ ಸರಿ. ಆದರೆ ಉತ್ತರಕ್ರಿಯೆಯ ದಿನ ನಾನು ಬದಿಯಡ್ಕಕ್ಕೆ ಬಂದು ಪಂಕ್ತಿಯಲ್ಲಿ ಕೂತರೆ, ನನ್ನ ಎಲೆಗೆ ಪಾಯಸ ಬಡಿಸುತ್ತ ಮುಖವನ್ನೇ ನೋಡಲಿಲ್ಲವಲ್ಲ, ಅದು ಮಾತ್ರ ಅತಿಯಾಯಿತು. ಅದೂ ಎರಡು ಸೌಟು ಬಡಿಸಿದೆ. ಸಕ್ಕರೆ ಕಾಯಿಲೆಯವಳಿಗೆ ಎರಡು ಸೌಟು!

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿ ಆಮೇಲೆ ಹರಿದು ಹಾಕು.

ಜನವರಿ ಇಪ್ಪತ್ತರ ಮಧ್ಯಾಹ್ನ ನಾವು ಹುಯೆಯ ಅರಮನೆಯಲ್ಲಿ ಇದ್ದೆವು. ಜಿಟಿಜಿಟಿ ಮಳೆ. ಮೂವತ್ತೆರಡು ಜನಕ್ಕೂ ಸಂದೀಪ್ ಹಳದಿ ಪ್ಲಾಸ್ಟಿಕ್ ಕೋಟು ಹಂಚಿದ್ದ. ಹೆಡ್‌ಮಾಸ್ಟರು ಸಿಂಹಾಸನದ ಸಭಾಂಗಣದ ಮುಂದೆ ನಿಂತು ಚಾಯ ಎಲ್ಲಿ ಎಂದು ಗಲಾಟೆ ಮಾಡುತ್ತಿದ್ದರು. ನೀನು ಕಂಬದ ಅರಗು ಬಣ್ಣ ನೋಡುತ್ತ ಮುಂದೆ ಹೋಗಿದ್ದೆ. ಆಗ ಅಶ್ವಿತಾ ನನಗೆ ಫೋನ್ ಮಾಡಿದಳು. ನಿನ್ನ ಫೋನಿಗೆ ಅಲ್ಲಿಯ ಸಿಮ್ ಹಾಕಿಸಿರಲಿಲ್ಲವಲ್ಲ. ‘ಮಾಮನ್ ಹೋದರು ಆಂಟಿ. ಅಮ್ಮನಿಗೆ ನೀವೇ ಹೇಳಿ, ನನ್ನಿಂದ ಆಗುದಿಲ್ಲ’ ಎಂದು ಅತ್ತಳು. ಸಂಜೆಯೇ ದಹನ ಎಂದಳು. ನಾನು ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಆ ಹೊತ್ತಿಗೆ ಹೊರಟರೂ ನಾವು ಊರು ಮುಟ್ಟುವಾಗ ಎರಡು ದಿನ ಕಳೆದಿರುತ್ತಿತ್ತು. ಮುಖ ಕಾಣಲು ಸಿಗುತ್ತಿರಲಿಲ್ಲ. ಸಾವಿನ ಸುದ್ದಿ ಕಿವಿಗೆ ಬಿದ್ದ ಹೊತ್ತಿನಿಂದ ಸೂತಕ. ನಿಮ್ಮಲ್ಲಿ ಅಣ್ಣ ಸತ್ತರೆ ತಂಗಿಗೂ ಪೂರ್ತಿ ಸೂತಕ. ಹೇಳಿಬಿಟ್ಟರೆ ನೀನು ಮೀಸನ್ನಿನ ಮುಖ ನೋಡುವುದಿಲ್ಲ, ಹೋಟೆಲಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತೀ. ಕೇಳದವಳಿಗೆ ಸೂತಕವಿಲ್ಲ. ಎರಡು ದಿನ ಕಳೆದು, ಗುಡಿ ನೋಡಿ ಆದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಎರಡು ದಿನ ಹೋಗಿ ಐದಾಯಿತು. ದಿನ ಕಳೆದಷ್ಟೂ ಬಾಯಿ ಕಟ್ಟಿತು. ಅಶ್ವಿತಾ ‘ಅಮ್ಮ ಹೇಗಿದ್ದಾರೆ?’ ಎಂದು ಮೆಸೇಜ್ ಮಾಡಿದರೆ ‘ಸಮಾಧಾನದಲ್ಲಿದ್ದಾಳೆ’ ಎಂದು ಬರೆದೆ. ನೀನು ಆಗ ಹೊಯಿ ಆನ್ ಪೇಟೆಯ ಅಂಗಡಿಯಲ್ಲಿ ಕಾಗದದ ಬುಟ್ಟಿದೀಪ ಆಯ್ದುಕೊಳ್ಳುತ್ತಿದ್ದೆ.

ಇಷ್ಟೆಲ್ಲ ಮಾಡಿದ್ದು ಯಾತಕ್ಕೆ? ನೀನು ಆ ಗುಡಿಯ ಒಳಗೆ ಹೋಗಲಿ ಎಂದು. ನೀನೋ, ಬ್ಯಾಟರಿ ಗಾಡಿಯಿಂದ ಇಳಿದು ಮೆಟ್ಟಿಲವರೆಗೆ ಬಂದು, ‘ಮೊಣಗಂಟು ನೋಯ್ತದೆ, ನೀನು ಹೋಗಿ ಬಾ’ ಎಂದು ಹೊರಗೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಒಳಗೆ ಶಿವಲಿಂಗ ಉಂಟು ಬಾ ಎಂದು ಎಷ್ಟು ಕರೆದೆ! ಇಪ್ಪತ್ತಾರು ವರ್ಷ ಗಾಜಿನ ಅಡಿ ಇಟ್ಟುಕೊಂಡ ಚಿತ್ರ. ಹೆಡ್‌ಮಾಸ್ಟರ್ ಸಹ ಒಳಗೆ ಹೋಗಿ ಬಂದರು. ಎರಡೂವರೆ ಗಂಟೆಯೂ ನೀನು ಆ ಕಲ್ಲಿನ ಮೇಲೆ. ನನಗೆ ಅಲ್ಲೇ ನಿನ್ನ ತಲೆಗೆ ಮೊಟಕಬೇಕು ಅನಿಸಿತು.

ನೆಡುಂಬಾಶ್ಶೇರಿ ವಿಮಾನ ನಿಲ್ದಾಣದಲ್ಲಿ ಅಶ್ವಿತಾ ಓಡಿಬಂದು, ‘ಆಂಟಿ ಎಲ್ಲ ಹೇಳಿದ್ರಲ್ಲ ಅಮ್ಮಾ’ ಎಂದು ನಿನ್ನನ್ನು ಅಪ್ಪಿಕೊಂಡಾಗ ನೀನು ನನ್ನ ಕಡೆ ಒಮ್ಮೆ ನೋಡಿದೆ. ಅದಾದ ಮೇಲೆ ಇಂದಿನವರೆಗೆ ನೋಡಿಲ್ಲ.

ಬೈ. ಕಾಗದದಲ್ಲಿ ಬೈ, ಎಷ್ಟು ಪುಟವಾದರೂ ಓದುತ್ತೇನೆ.

ಸುಮಿತ್ರ


ತ್ರಿಪ್ಪುಣಿತ್ತುರ
2 ಮಾರ್ಚ್ 2025

ಸುಮಿತ್ರಾ,

ಬೈಯಲು ಅನುಮತಿ ಕೊಟ್ಟದ್ದಕ್ಕೆ ಉಪಕಾರ.

ನೀನು ಕೊಟ್ಟ ಕಾರಣಗಳೆಲ್ಲ ಚೆನ್ನಾಗಿವೆ. ವಿಮಾನ ಇರಲಿಲ್ಲ, ಮುಖ ಸಿಗುತ್ತಿರಲಿಲ್ಲ, ಗುಡಿ ತಪ್ಪುತ್ತಿತ್ತು. ನಮ್ಮಣ್ಣನ ಕಾರಣಗಳೂ ಇಷ್ಟೇ ಚೆನ್ನಾಗಿದ್ದವು. ಪರೀಕ್ಷೆ, ದೂರ, ತಲೆಬಿಸಿ. ಜಗತ್ತಿನಲ್ಲಿ ನಾನು ಯಾವ ಒಂದು ತಪ್ಪನ್ನು ಕ್ಷಮಿಸಲಾರೆ ಎಂದು ಒಬ್ಬರಿಗಾದರೂ ಸರಿಯಾಗಿ ಗೊತ್ತಿದ್ದರೆ ಅದು ನಿನಗೆ. ಅಮ್ಮ ಸತ್ತ ಆ ಮೂರು ದಿನ ನಾನು ಊಟದ ಡಬ್ಬಿ ಬಿಚ್ಚಿದ್ದು ನಿನ್ನ ಎದುರು. ಭಾನುವಾರ ಸಂಜೆ ನಾನು ನೆಲದಲ್ಲಿ ಬಿದ್ದು ಹೊರಳಾಡಿದ್ದು ನಿನ್ನ ಮನೆಯಲ್ಲಿ. ಅದನ್ನೆಲ್ಲ ಕಂಡವಳು ನೀನು, ಮತ್ತೆ ನೀನೇ ಅದನ್ನು ಮಾಡಿದೆ. ಅವನದ್ದು ಮೂರು ದಿನ, ನಿನ್ನದು ಐದು.

ನೀನು ಹಾಗೆಯೇ. ಆಫೀಸಿನಲ್ಲೂ ಮೇಲಿನಿಂದ ಬೈಗಳ ಕಾಗದ ಬಂದರೆ ನನ್ನ ಊಟ ಆಗುವವರೆಗೆ ಡ್ರಾಯರಿನಲ್ಲಿ ಹಾಕಿಟ್ಟು, ಆಮೇಲೆ ತೆಗೆದು ಕೊಡುತ್ತಿದ್ದೆ. ಎಂಥ ಒಳ್ಳೆಯವಳು ಎಂದು ಆಗ ಅಂದುಕೊಳ್ಳುತ್ತಿದ್ದೆ. ಈಗ ಯೋಚಿಸಿದರೆ ಸಿಟ್ಟು ಬರುತ್ತದೆ. ನನ್ನ ಕಾಗದ ಅದು. ನಾನು ಊಟ ಬಿಡಬೇಕೋ ಬೇಡವೋ ಎಂದು ನಾನು ನೋಡಿಕೊಳ್ಳುತ್ತಿದ್ದೆ.

ನೀನು ನನಗೆ ಹೇಳಲಿಲ್ಲ. ಅಷ್ಟೇ ವಿಷಯ. ಐದು ದಿನ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಮೇಜಿನಲ್ಲಿ ತಿಂದು, ಹೇಳಲಿಲ್ಲ. ಇನ್ನು ಬರೆಯಬೇಡ.

ಕೌಸಲ್ಯಾ


ಶ್ರೀಕಾರ್ಯಂ
15 ಮಾರ್ಚ್ 2025

ಕೌಸಲ್ಯಾ,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ. ಇದೊಂದು ಬರೆದು ಸುಮ್ಮನಾಗುತ್ತೇನೆ.

ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಮೊದಲ ಮೂರು ಸಲ ಸಿಟ್ಟು ಬಂತು, ಇಷ್ಟು ವರ್ಷದ ಗೆಳೆತನಕ್ಕೆ ಇದೇ ಬೆಲೆಯಾ ಎಂದು ಒಬ್ಬಳೇ ಗೋಡೆಗೆ ಹೇಳಿಕೊಂಡೆ. ಗೆಡ್ಡೆ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುವ, ಪಕ್ಕದ ಮನೆಯ ಟೀಚರಮ್ಮನ ಮಗಳು ಯಾರೋ ಬಂದಿದ್ದಾರೆಂದು ಇಣುಕಿ ನೋಡಿ ಹೋದಳು. ನಾಲ್ಕನೆಯ ಸಲದಿಂದ ಸಿಟ್ಟು ಕಡಿಮೆಯಾಯಿತು. ಆಮೇಲೆ ಬಂದದ್ದು ನಾಚಿಕೆ.

ಗುಡಿಗಾಗಿ, ಸೂತಕಕ್ಕಾಗಿ ಎಂದೆಲ್ಲ ಬರೆದೆನಲ್ಲ, ಅದು ಆಮೇಲೆ ಹುಡುಕಿದ ಕಾರಣ. ಪೂಜೆ ನಿಂತ ಗುಡಿಗೆ ಸೂತಕ ಉಂಟೋ ಎಂದು ಯಾವ ಭಟ್ಟರನ್ನು ಕೇಳುವುದು? ನಿಜ ಇಷ್ಟೇ. ಅಂದು ಭಾನುವಾರ ಸಂಜೆ ನನ್ನ ಮನೆಯ ನೆಲದಲ್ಲಿ ನೀನು ಹೊರಳಾಡಿದ್ದನ್ನು ಇನ್ನೊಮ್ಮೆ ನೋಡಲು ನನಗೆ ಧೈರ್ಯ ಇರಲಿಲ್ಲ. ಗುರುತಿಲ್ಲದ ಊರು, ಭಾಷೆ ಬಾರದ ಜನ, ನೀನು ಬಿದ್ದರೆ ಹಿಡಿಯಲು ನಾನೊಬ್ಬಳು. ನನಗೆ ಹೆದರಿಕೆಯಾಯಿತು. ನಿನಗಾಗಿ ಅಲ್ಲ, ನನಗಾಗಿ ಹೇಳಲಿಲ್ಲ.

ತಪ್ಪಾಯಿತು. ಇದನ್ನು ಬರೆಯಲು ಎರಡು ವಾರ ಹಿಡಿಯಿತು, ಆದ್ದರಿಂದ ಇದನ್ನು ಸುಲಭದ ಮಾತೆಂದು ತಿಳಿಯಬೇಡ.

ಇದಕ್ಕೂ ಉತ್ತರ ಬಾರದಿದ್ದರೆ ಇನ್ನು ನಾನು ಕನ್ನಡದಲ್ಲಿ ಯಾರಿಗೂ ಬರೆಯುವುದಿಲ್ಲ. ಬೆದರಿಕೆ ಅಲ್ಲ, ಬರೆಯಲು ಯಾರೂ ಇಲ್ಲ.

ಸುಮಿತ್ರ


ತ್ರಿಪ್ಪುಣಿತ್ತುರ
24 ಏಪ್ರಿಲ್ 2025

ಸುಮಿತ್ರಾ,

ಐದು ವಾರ ತೆಗೆದುಕೊಂಡೆ. ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲು ಅಂಚೆ ಡಬ್ಬಿಗೆ ಹಾಕಬೇಕು.

ನನಗೆ ಗೊತ್ತಿತ್ತು.

ಹುಯೆಯ ಹೋಟೆಲಿನಲ್ಲಿ ಅದೇ ಇಪ್ಪತ್ತರ ಸಂಜೆ ನೀನು ಸ್ನಾನಕ್ಕೆ ಹೋದೆ. ಕೆಳಗಿನ ಹುಡುಗಿ ಬರೆದುಕೊಟ್ಟ ಚೀಟಿ ನೋಡಿ ನಾನು ಫೋನಿಗೆ ವೈಫೈ ಹಾಕಿಕೊಂಡೆ, ಅಶ್ವಿತಾಳಿಗೆ ಅರಮನೆಯ ಫೋಟೋ ಕಳಿಸೋಣವೆಂದು. ಊರಿನ ಕುಟುಂಬದ ಗ್ರೂಪ್ ಒಂದೇ ಸಮ ಟಿಂಗ್ ಟಿಂಗ್ ಎಂದಿತು. ಕೈಮುಗಿದ ಚಿತ್ರಗಳು, ಒಂದರ ಕೆಳಗೆ ಒಂದು. ಮೇಲೆ ಮೇಲೆ ಹೋದರೆ ಅಣ್ಣನ ಫೋಟೋ, ಹಾರ ಹಾಕಿದ್ದು. ಫೋನು ಬಂದ್ ಮಾಡಿ ಚೀಲದ ತಳಕ್ಕೆ ಹಾಕಿದೆ. ನೀನು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದೆ. ನಿನ್ನ ಮುಖ ನೋಡಿದೊಡನೆ ನಿನಗೂ ಗೊತ್ತಿದೆ ಎಂದು ತಿಳಿಯಿತು. ಈಗ ಹೇಳುತ್ತಾಳೆ ಎಂದು ಮಂಚದ ತುದಿಯಲ್ಲಿ ಕೂತೆ. ನೀನು, ‘ಇಲ್ಲಿ ಬಿಸಿನೀರು ಒಳ್ಳೆದುಂಟು, ಹೋಗು’ ಎಂದೆ.

ನಾನು ಹೋಗಿ ಸ್ನಾನ ಮಾಡಿದೆ. ಸುದ್ದಿ ಕೇಳಿದವರು ಮಾಡಬೇಕಾದದ್ದು ಅದೇ ಅಲ್ಲವೇ? ಆ ಸ್ನಾನ ಯಾವುದೆಂದು ನೀರಿಗೂ ಗೊತ್ತಿರಲಿಲ್ಲ.

ಆಮೇಲೆ ಐದು ದಿನ ನೀನು ಹೇಳಲಿ ಎಂದು ಕಾದೆ. ನೀನು ಎಷ್ಟು ಒಳ್ಳೆಯವಳಾಗಿಬಿಟ್ಟೆ ಮಾರಾಯ್ತಿ! ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ. ನನ್ನ ಚೀಲ ನಿನ್ನ ಹೆಗಲಲ್ಲಿ. ಗಟ್ಟಿ ಹಾಲಿನ ಆ ಕಾಫಿಯನ್ನು ನಾನು ಕೇಳುವ ಮೊದಲೇ ತಂದುಕೊಟ್ಟೆ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಐದು ದಿನ ನೀನು ನನ್ನನ್ನು ಬೈಯಲಿಲ್ಲ. ನನಗೆ ಅದನ್ನು ತಡೆಯಲು ಆಗಲಿಲ್ಲ. ಪ್ರತಿ ಕಾಫಿಗೂ, ಈಗ ಹೇಳು, ಈಗ ಹೇಳು ಎಂದು ಮನಸ್ಸಿನಲ್ಲೇ ಕಿರುಚುತ್ತಿದ್ದೆ.

ನಾನೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಯಾಕೆಂದು ಕೇಳಬೇಡ, ಗೊತ್ತಿದ್ದರೆ ಮೊದಲೇ ಬರೆಯುತ್ತಿದ್ದೆ. ಆರು ವರ್ಷ ಮಾತು ಬಿಟ್ಟವಳು ಯಾವ ಬಾಯಲ್ಲಿ ‘ನನ್ನ ಅಣ್ಣ ಸತ್ತ’ ಎನ್ನುವುದು? ಬಂದ ಮೇಲೆ ನೋಡುವ ಎಂದು ನಿನಗೆ ಬರೆದವಳು ನಾನು. ಯಾರಾದರೂ ನನ್ನನ್ನು ಕೂರಿಸಿ ಹೇಳಿದ್ದರೆ ಅಳು ಬರುತ್ತಿತ್ತು. ಯಾರೂ ಹೇಳದೆ ಅಳಲು ನನಗೆ ಅಧಿಕಾರ ಇಲ್ಲ ಎನಿಸಿತು. ಅದಕ್ಕಾಗಿ ಬುಟ್ಟಿದೀಪ ಆಯುತ್ತ ನಿಂತೆ. ನೀಲಿಯದ್ದೋ ಕೆಂಪಿನದ್ದೋ ಎಂದು ಅರ್ಧ ಗಂಟೆ.

ನನ್ನ ಮೊಣಗಂಟಿಗೆ ಏನೂ ಆಗಿರಲಿಲ್ಲ. ಗುಡಿಯ ಮೆಟ್ಟಿಲವರೆಗೆ ಬಂದೆ. ಮೇಲಿನ ಮಾಡು ಹಾರಿಹೋದ ಗೋಡೆ, ಬಿರುಕಿನಲ್ಲಿ ಹುಲ್ಲು. ಒಳಗೆ ದೀಪವಿಲ್ಲ, ಭಟ್ಟರಿಲ್ಲ. ಅಲ್ಲಿ ನನ್ನನ್ನು ತಡೆಯುವವರು ಯಾರು? ಆದರೆ ಒಳಗೆ ಹೋದರೆ ನನಗೆ ಸೂತಕವಿಲ್ಲ ಎಂದಾಗುತ್ತದೆ. ನನಗೆ ಅಣ್ಣ ಇರಲಿಲ್ಲ ಎಂದಾಗುತ್ತದೆ. ಹಾಗಾಗಿ ಆ ಕಲ್ಲಿನ ಮೇಲೆ ಕೂತೆ. ನೀನು ಒಳಗಿನಿಂದ ‘ಬಾ, ಬಾ’ ಎಂದು ಕೈಬೀಸುತ್ತಿದ್ದೆ. ಎರಡೂವರೆ ಗಂಟೆ ನಾನು ಅಣ್ಣನಿಗಾಗಿ ಹೊರಗೆ ಕೂತಿದ್ದೆ. ಅವನಿಗಾಗಿ ನಾನು ಮಾಡಿದ್ದು ಅಷ್ಟೇ.

ಈಗ ಕೇಳು ತಮಾಷೆ. ವಿಮಾನ ನಿಲ್ದಾಣದಲ್ಲಿ ಅಶ್ವಿತಾ, ಆಂಟಿ ಹೇಳಿದ್ದಾರಲ್ಲ ಎಂದುಕೊಂಡು ತಾನು ಹೇಳಲಿಲ್ಲ. ಊರಿಗೆ ಹೋದರೆ, ಮಗಳು ಹೇಳಿರುತ್ತಾಳೆ ಎಂದು ಅತ್ತಿಗೆ ಹೇಳಲಿಲ್ಲ. ಉಳಿದವರು ಊಟದ ಲೆಕ್ಕದಲ್ಲಿದ್ದರು. ನನ್ನ ಅಣ್ಣ ಸತ್ತು ಮೂರು ತಿಂಗಳಾಯಿತು, ಇಂದಿನವರೆಗೆ ನನಗೆ ಯಾರೂ ಹೇಳಿಲ್ಲ. ನಾನೂ ಅತ್ತಿಲ್ಲ. ಪಾಯಸ ಬಡಿಸಿದೆ, ಅಷ್ಟೇ.

ಸಿಟ್ಟು ನಿನ್ನ ಮೇಲೆ ಹಾಕಿದೆ, ಹಾಕಲು ಬೇರೆ ಜಾಗ ಇರಲಿಲ್ಲ. ನೀನು ತಪ್ಪಾಯಿತು ಎಂದು ಬರೆದ ಮೇಲೆ ಅದೂ ಕೈಬಿಟ್ಟು ಹೋಯಿತು. ಯಾಕೆ ಹಾಗೆ ಬರೆದೆ? ಜಗಳವಾಡುತ್ತಲೇ ಇದ್ದಿದ್ದರೆ ನಾನು ಹೇಗೋ ನಿಭಾಯಿಸುತ್ತಿದ್ದೆ.

ಕೌಸಲ್ಯಾ


ಶ್ರೀಕಾರ್ಯಂ
28 ಏಪ್ರಿಲ್ 2025

ಕೌಸಲ್ಯಾ,

ಮೊದಲು ಕೂತುಕೋ. ನಿಂತು ಓದಬೇಡ. ಒಲೆಯ ಮೇಲೆ ಏನಾದರೂ ಇದ್ದರೆ ಆರಿಸಿ ಬಾ.

ವೆಂಕಪ್ಪಣ್ಣ ತೀರಿಕೊಂಡರು.

ಜನವರಿ ಇಪ್ಪತ್ತು, ಸೋಮವಾರ, ಬೆಳಿಗ್ಗೆ ಹತ್ತೂಕಾಲಕ್ಕೆ. ಬದಿಯಡ್ಕದ ಮನೆಯಲ್ಲಿ, ಜಗಲಿಯ ಕುರ್ಚಿಯಲ್ಲಿ. ಗಂಜಿ ಊಟ ಮಾಡಿದ್ದರು. ಎದೆ ಹಿಡಿಯುತ್ತದೆ ಎಂದರು. ವಾಸಂತಿ ಅತ್ತಿಗೆ ನೀರು ತರುವಷ್ಟರಲ್ಲಿ ಆಗಿಹೋಯಿತು. ಹೆಚ್ಚು ಕಷ್ಟಪಡಲಿಲ್ಲ. ಇದೆಲ್ಲ ನಿನ್ನೆ ಅತ್ತಿಗೆಗೆ ಫೋನ್ ಮಾಡಿ, ಒಂದೊಂದಾಗಿ ಕೇಳಿ ಬರೆದುಕೊಂಡದ್ದು.

ಇನ್ನೊಂದು ನನ್ನ ಹತ್ತಿರವೇ ಉಂಟು. ಹದಿನಾರರ ಸಂಜೆ, ನಾವು ಹೊರಡುವ ಹಿಂದಿನ ದಿನ, ಅವರು ನನಗೆ ಫೋನ್ ಮಾಡಿದ್ದರು. ನಿನ್ನ ಷರತ್ತೆಂದು ನಿನಗೆ ಹೇಳಲಿಲ್ಲ. ಆಮೇಲೆ ಹೇಳಲು ಮುಖವಿರಲಿಲ್ಲ. ಅವರು ಹೇಳಿದ್ದನ್ನು ಒಂದು ಮಾತೂ ಬದಲಿಸದೆ ಬರೆಯುತ್ತಿದ್ದೇನೆ.

‘ಅವಳು ಹೋಗಿ ಬರ್ಲಿ ಸುಮಿತ್ರಾ, ಅವಳಿಗೆ ಆಸೆ ಉಂಟಲ್ಲ. ಆದ್ರೆ ನನಗೆ ಎಂತಾದ್ರೂ ಆದ್ರೆ ಅವಳಿಗೆ ಆಗಲೇ ಹೇಳಿ, ಆಯ್ತಾ? ಎಲ್ಲಿದ್ರೂ ಹೇಳಿ. ಬರ್ಲಿಕ್ಕೆ ಆಗದಿದ್ರೂ ಅಡ್ಡಿಲ್ಲ. ಅಮ್ಮನ ಸಮಯದಲ್ಲಿ ನಾನು ಮಾಡಿದ ಹಾಗೆ ಮಾಡ್ಬೇಡಿ. ಅದು ನಂದು ತಪ್ಪಾಯ್ತು.’

ಇದನ್ನು ಕೇಳಿ ನಾಲ್ಕು ದಿನಕ್ಕೆ ನಾನು ಹಾಗೆ ಮಾಡಿದೆ. ನನ್ನನ್ನು ಎಷ್ಟು ಬೈದರೂ ಕಡಿಮೆಯೇ, ಆದರೆ ಅದು ಆಮೇಲೆ.

ಶನಿವಾರ ವೇಣಾಡಿನಲ್ಲಿ ಬರುತ್ತೇನೆ. ಅಳಲು ನಾನು ಬರುವವರೆಗೆ ಕಾಯಬೇಡ.

ಸುಮಿತ್ರ